ಕಪ್ಪು ಕಂಡದ್ದೆಲ್ಲ ಹುಳುಕಲ್ಲ

ಭಾಷಾವಿಜ್ಞಾನ ಓದಿದವರಿಗೆ ಮೇಲ್ದವಡೆ ಹೊಸದಲ್ಲ. ಎಂ.ಎ. ಮೊದಲ ಸೆಮಿಸ್ಟರಿನಲ್ಲೇ ಮುಖವನ್ನು ಮೂಗಿನ ನೇರಕ್ಕೆ ಸೀಳಿ ಪಕ್ಕದಿಂದ ನೋಡಿದಂಥ ಚಿತ್ರವೊಂದನ್ನು ಬರೆಸುತ್ತಾರೆ. ತುಟಿ, ಹಲ್ಲು, ಹಲ್ಲಿನ ಹಿಂದಿನ ದಿಣ್ಣೆ, ಗಟ್ಟಿ ಅಂಗುಳ, ಮೆದು ಅಂಗುಳ, ಕಿರುನಾಲಿಗೆ ಎಂದು ಬಾಣದ ಗುರುತು ಹಾಕಿ ಹೆಸರು ಬರೆಯಬೇಕು. ನಮ್ಮ ಹಳೆಯ ಧ್ವನಿಶಾಸ್ತ್ರದವರು ಅಕ್ಷರ ಹುಟ್ಟುವ ಬಗೆಯನ್ನು ‘ಸ್ಥಾನ’ ಮತ್ತು ‘ಕರಣ’ ಎಂಬ ಎರಡು ಮಾತಿನಲ್ಲಿ ಹೇಳಿದರು. ಕರಣ ಎಂದರೆ ಹೋಗಿ ಮುಟ್ಟುವುದು, ಹೆಚ್ಚಾಗಿ ನಾಲಿಗೆ. ಸ್ಥಾನ ಎಂದರೆ ಮುಟ್ಟಿಸಿಕೊಳ್ಳುವುದು, ಕದಲದೆ ಇದ್ದಲ್ಲೇ ಇರುವುದು. ದಂತ್ಯ, ಮೂರ್ಧನ್ಯ, ತಾಲವ್ಯ ಎಂದು ಶಾಲೆಯಲ್ಲಿ ಉರುಹೊಡೆದ ಹೆಸರುಗಳು ಈ ಕದಲದ ಜಾಗಗಳವು. ಅವುಗಳ ಬಹುಪಾಲು ಮೇಲ್ದವಡೆಯಲ್ಲೇ ಇದೆ.

ಇದನ್ನು ಓದುತ್ತಲೇ ಒಮ್ಮೆ ನಿಧಾನವಾಗಿ ತ, ಲ, ಟ ಎನ್ನಿ. ನಾಲಿಗೆಯ ತುದಿ ಮೊದಲು ಹಲ್ಲಿನ ಹಿಂಬದಿಯನ್ನು, ಆಮೇಲೆ ಅದರ ಹಿಂದಿನ ದಿಣ್ಣೆಯನ್ನು, ಕೊನೆಗೆ ಮಡಿಚಿಕೊಂಡು ಅಂಗುಳವನ್ನು ಮುಟ್ಟುತ್ತದೆ. ಈಗ ಮೇಲಿನ ಎರಡು ನಡುಹಲ್ಲುಗಳ ಸಂದಿಯಿಂದ ನಾಲಿಗೆಯ ತುದಿಯನ್ನು ಸ್ವಲ್ಪ ಹಿಂದಕ್ಕೆ ಜಾರಿಸಿ. ಸಣ್ಣ ಕಾಳಿನಂಥ ಮೆತ್ತನೆಯ ಉಬ್ಬೊಂದು ಸಿಗುತ್ತದೆ. ಎಲ್ಲರಿಗೂ ಇದೆ. ಕುದಿಯುವ ಸಾರನ್ನು ಆತುರದಲ್ಲಿ ಬಾಯಿಗಿಟ್ಟ ದಿನ ಇದು ಸುಟ್ಟದ್ದು ನಿಮಗೆ ನೆನಪಿರಬಹುದು. ಆ ಉಬ್ಬಿನ ಮೇಲೆ, ಮೂಳೆಯಲ್ಲಿ, ಒಂದು ತೂತಿದೆ. ಮೂಗಿನ ಕಡೆಯಿಂದ ಇಳಿಯುವ ನರ ಮತ್ತು ರಕ್ತನಾಳಗಳು ಅಂಗುಳಕ್ಕೆ ಬರುವುದು ಅದರ ಮೂಲಕ. ಈ ಬರಹದ ಅರ್ಧ ಭಾಗ ಆ ತೂತಿನದು.

ಕಳೆದ ವರ್ಷ, ಹಲ್ಲಿನ ಆಸ್ಪತ್ರೆಗಳ ಸಹಾಯಕರಿಗೆ ತರಬೇತಿ ಕೊಡುವ ಸಂಸ್ಥೆಯೊಂದರಿಂದ ನನಗೆ ಅನುವಾದದ ಕೆಲಸ ಬಂತು. ಮೇಲ್ದವಡೆಯ ಎಕ್ಸ್-ರೇ ಚಿತ್ರಗಳು, ಪ್ರತಿ ಚಿತ್ರದ ಮೇಲೆ ಬಾಣಗಳು, ಬಾಣದ ತುದಿಗೆ ಒಂದು ಹೆಸರು, ಕೆಳಗೆ ಎರಡು ಸಾಲು ವಿವರಣೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರಿಗೆ ಅದು ಅರ್ಥವಾಗಬೇಕು. ಯಾವ ಚಿತ್ರದಲ್ಲೂ ರೋಗವಿರಲಿಲ್ಲ. ಎಲ್ಲವೂ ಆರೋಗ್ಯವಂತ ಬಾಯಿಗಳು. ರೋಗದ ಪಾಠ ಆಮೇಲೆ, ಮೊದಲು ಇರಬೇಕಾದದ್ದು ಹೇಗೆ ಕಾಣುತ್ತದೆಂದು ಗೊತ್ತಾಗಲಿ ಎಂಬುದು ಆ ಪಠ್ಯದ ಕ್ರಮ. ಪದಕ್ಕಿಷ್ಟು ಎಂದು ದುಡ್ಡು ಸಿಗುವ ನಮ್ಮ ವೃತ್ತಿಯಲ್ಲಿ ಎರಡು ಸಾಲಿನ ಶೀರ್ಷಿಕೆಗಳು ಲಾಭದ ಬಾಬ್ತಲ್ಲ. ಆದರೂ ಒಪ್ಪಿಕೊಂಡೆ. ಅದಕ್ಕೊಂದು ಕಾರಣವಿತ್ತು, ಮುಂದೆ ಹೇಳುತ್ತೇನೆ.

ಮೊದಲ ತೊಡಕು ಬಂದದ್ದು ‘ಕಪ್ಪು’ ಎಂಬ ಮಾತಿನಲ್ಲಿ.

ಎಕ್ಸ್-ರೇ ನಿಜವಾಗಿ ಒಂದು ನೆರಳು. ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಗನ್ ಈ ಕಿರಣಗಳನ್ನು ಗಮನಿಸಿದ್ದು 1895ರ ನವೆಂಬರ್ 8ರಂದು. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗ್‌ನ ಹಲ್ಲಿನ ವೈದ್ಯ ಆಟೊ ವಾಲ್ಕಾಫ್ ತನ್ನದೇ ಹಲ್ಲುಗಳ ಚಿತ್ರ ತೆಗೆಸಿಕೊಂಡ. ಅದಕ್ಕಾಗಿ ಅವನು 25 ನಿಮಿಷ ಅಲುಗಾಡದೆ ಇರಬೇಕಾಯಿತು. ಈಗ ಅದೇ ಕೆಲಸ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ತತ್ವ ಮಾತ್ರ ಅಂದಿನದೇ. ಕಿರಣ ಎಲ್ಲಿ ತಡೆಯಿಲ್ಲದೆ ದಾಟಿತೋ ಅಲ್ಲಿ ಚಿತ್ರ ಕಪ್ಪು, ಎಲ್ಲಿ ತಡೆಯಿತೋ ಅಲ್ಲಿ ಬಿಳಿ. ಬೆಳ್ಳಿಯ ಫಿಲ್ಲಿಂಗ್ ಅಪ್ಪಟ ಬಿಳಿ. ಹಲ್ಲಿನ ಮೇಲಿನ ಎನಾಮಲ್ ಅದಕ್ಕಿಂತ ತುಸು ಕಡಿಮೆ. ಮೂಳೆ ಬೂದು. ಗಾಳಿ ತುಂಬಿದ ಪೊಳ್ಳು ಕಪ್ಪು. ಹುಳುಕು ಹಿಡಿದ ಭಾಗವೂ ಕಪ್ಪು, ಯಾಕೆಂದರೆ ಅಲ್ಲಿ ಖನಿಜ ಕರಗಿಹೋಗಿದೆ. ಅಂದಮೇಲೆ ಎಕ್ಸ್-ರೇಯ ಕಪ್ಪು ಹೇಳುವುದು ಒಂದೇ ಮಾತು: ಇಲ್ಲಿ ಗಟ್ಟಿ ಪದಾರ್ಥ ಕಡಿಮೆಯಿದೆ. ಯಾಕೆ ಕಡಿಮೆಯಿದೆ ಎಂಬುದನ್ನು ಅದು ಹೇಳುವುದಿಲ್ಲ.

ಆದರೆ ಕನ್ನಡದಲ್ಲಿ ‘ಹಲ್ಲು ಕಪ್ಪಾಗಿದೆ’ ಎಂದರೆ ಹಾಳಾಗಿದೆ ಎಂದೇ ಅರ್ಥ. ‘ಹಲ್ಲಿಗೆ ತೂತು ಬಿದ್ದಿದೆ’ ಎಂದರೆ ಹುಳುಕು. ಹೀಗಿರುವಾಗ, ‘ಮುಂದಿನ ಹಲ್ಲುಗಳ ಬೇರಿನ ನಡುವೆ ಕಪ್ಪು ತೂತು ಕಾಣುತ್ತದೆ’ ಎಂಬ ವಾಕ್ಯವನ್ನು ನೀವು ಯಾವ ಕನ್ನಡಿಗರ ಮುಂದೆ ಓದಿದರೂ ಅವರು ಕೇಳಿಸಿಕೊಳ್ಳುವುದು ಕೆಟ್ಟ ಸುದ್ದಿಯನ್ನು. ಮೂಲದಲ್ಲಿ ಅದು ಪರಮ ಆರೋಗ್ಯದ ವಿವರಣೆ. ಶಬ್ದಕ್ಕೆ ಶಬ್ದ ಸರಿಯಿದ್ದೂ ಅರ್ಥ ತಿರುವುಮುರುವಾಗುವ ಇಂಥ ಜಾಗ ಅನುವಾದಕರಿಗೆ ಆಗಾಗ ಎದುರಾಗುತ್ತದೆ. ನಾನು ‘ತೂತು’ ಬಿಟ್ಟು ‘ನರ ಹಾದುಬರುವ ದಾರಿ’ ಎಂದು ಬರೆದೆ. ನಮ್ಮ ಆಡುಮಾತಿನಲ್ಲಿ ನರ ಎಂಬ ಒಂದೇ ಮಾತು ಸಂವೇದನೆಯ ತಂತುವನ್ನೂ ರಕ್ತನಾಳವನ್ನೂ ಸೂಚಿಸುತ್ತದೆ. ಈ ದಾರಿಯಲ್ಲಿ ಎರಡೂ ಬರುವುದರಿಂದ ಆ ಸಡಿಲತನ ಇಲ್ಲಿ ಅನುಕೂಲವೇ ಆಯಿತು.

ಎರಡನೆಯ ತೊಡಕು ‘ನಾರ್ಮಲ್’. ‘ಸಾಮಾನ್ಯ’ ಎಂದರೆ ಎಲ್ಲೆಡೆ ಕಾಣುವಂಥದ್ದು. ಹುಳುಕು ಹಲ್ಲೂ ಸಾಮಾನ್ಯವೇ. ‘ಸಹಜ’ದಲ್ಲಿ ಜೊತೆಗೇ ಹುಟ್ಟಿದ್ದು ಎಂಬ ಮೂಲಾರ್ಥವಿದೆ. ಅದು ಹತ್ತಿರ ಬರುತ್ತದೆ. ಆದರೆ ವಯಸ್ಸಾದಂತೆ ಬದಲಾಗುವ ಭಾಗಗಳೂ ಇವೆ, ಅವೂ ರೋಗವಲ್ಲ. ಕೊನೆಗೆ ಶೀರ್ಷಿಕೆಗಳಲ್ಲಿ ‘ಸಹಜ’ ಇಟ್ಟೆ. ರೋಗಿಯೊಡನೆ ಆಡುವ ಮಾತಿನ ಉದಾಹರಣೆಗಳಲ್ಲಿ ‘ನಾರ್ಮಲ್’ ಹಾಗೇ ಉಳಿಸಿದೆ. ‘ರಿಪೋರ್ಟ್ ನಾರ್ಮಲ್ ಬಂತು’ ಎಂದು ಕೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಜನ ನಿಟ್ಟುಸಿರು ಬಿಡುತ್ತಾರಲ್ಲ, ಆ ನೆಮ್ಮದಿಯನ್ನು ಇನ್ನೊಂದು ಪದಕ್ಕೆ ಸಾಗಿಸುವುದು ಕಷ್ಟ.

*

ಈಗ ಆ ಕಾರಣಕ್ಕೆ ಬರುತ್ತೇನೆ. ಈ ಕೆಲಸ ಬರುವುದಕ್ಕೆ ಒಂದು ವರ್ಷ ಮೊದಲು ಅವ್ವ ಗದಗಿನಿಂದ ಪುಣೆಗೆ ಬಂದಿದ್ದಳು. ಚಕ್ಕಲಿ ಕಡಿಯುವಾಗ ದವಡೆಹಲ್ಲಿನ ಹಳೆಯ ಫಿಲ್ಲಿಂಗ್ ಕಿತ್ತುಬಂತು. ಮನೆಯ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿಯ ಯುವ ವೈದ್ಯರು ಹಿಂದಿನ ಹಲ್ಲಿನ ಜೊತೆಗೆ ಮುಂದಿನ ಹಲ್ಲುಗಳ ಚಿತ್ರವನ್ನೂ ತೆಗೆದರು. ಕಂಪ್ಯೂಟರ್ ಪರದೆಯ ಮೇಲೆ ಎರಡು ನಡುಹಲ್ಲುಗಳ ಬೇರಿನ ನಡುವೆ, ಎಡಗಡೆಯ ಬೇರಿನ ತುದಿಗೆ ತಾಗಿದಂತೆ, ಮೊಟ್ಟೆಯಾಕಾರದ ಕಪ್ಪು ಗುರುತು. ವೈದ್ಯರು ಪರದೆಗೆ ಬೆರಳಿಟ್ಟು ಹಿಂದಿಯಲ್ಲಿ ‘ಕಾಲಾ ದಾಗ್’ ಎಂದರು. ಗಡ್ಡೆ ಇರಬಹುದು, ಎರಡೂ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಆಮೇಲೆ ಸಣ್ಣ ಆಪರೇಷನ್ ಮಾಡೋಣ ಎಂದರು. ಅಂದಾಜು ಖರ್ಚಿನ ಚೀಟಿ ಕೈಗೆ ಬಂತು.

ಅದನ್ನು ನಾನು ಅನುವಾದಿಸಬೇಕಾಗಲಿಲ್ಲ. ‘ಕಾಲಾ ದಾಗ್’ ಅವ್ವನಿಗೆ ನೇರವಾಗಿ ತಿಳಿಯಿತು. ಅವಳ ಅಣ್ಣ, ನನ್ನ ಸೋದರಮಾವ, ತಂಬಾಕಿನ ಚಟವಿದ್ದವರು, ಬಾಯಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ವಿಷಯದಲ್ಲೂ ಮನೆಯವರು ಮೊದಲು ಕೇಳಿದ್ದು ಗಲ್ಲದ ಒಳಗಿನ ಒಂದು ಕಲೆಯ ಮಾತನ್ನು. ದಾರಿಯುದ್ದಕ್ಕೂ ಅವ್ವ ಮಾತಾಡಲಿಲ್ಲ. ಮನೆಗೆ ಬಂದು ಚಹಾ ಕುಡಿಯುವಾಗ, ‘ನನಗೇನೂ ನೋವಿಲ್ಲ ಏನಿಲ್ಲ. ಸುಮ್ನ ಕುಂತ ಹಲ್ಲಿಗೆ ಯಾಕ ಕೈ ಹಚ್ಚಬೇಕು?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮಣ್ಣಗೂ ಮೊದಲ ನೋವಿರಲಿಲ್ಲ’ ಎಂದೂ ಹೇಳಿದಳು. ಆ ಎರಡು ವಾಕ್ಯಗಳ ನಡುವೆ ನಾವು ನಾಲ್ಕು ದಿನ ಕಳೆದೆವು. ಅವಳು ಮುಂದಿನ ಹಲ್ಲಿನಿಂದ ಏನನ್ನೂ ಕಚ್ಚುತ್ತಿರಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳು.

ಐದನೆಯ ದಿನ ಬೋಧನಾ ಆಸ್ಪತ್ರೆಯೊಂದರಲ್ಲಿ, ಬಾಯಿಯ ಎಕ್ಸ್-ರೇ ಓದುವುದನ್ನೇ ವಿಷಯವಾಗಿ ಕಲಿತ ಹಿರಿಯ ವೈದ್ಯೆಯೊಬ್ಬರಿಗೆ ತೋರಿಸಿದೆವು. ಅವರು ಚಿತ್ರಕ್ಕಿಂತ ಮೊದಲು ಬಾಯಿ ನೋಡಿದರು. ವಸಡಿನಲ್ಲಿ ಊತ, ಕೀವು ಇದೆಯೇ ಎಂದು ಒತ್ತಿ ನೋಡಿದರು. ಸಲಕರಣೆಯ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿದರು. ತಣ್ಣಗಿನ ಹತ್ತಿಯುಂಡೆಯನ್ನು ನಡುಹಲ್ಲುಗಳಿಗೆ ಮುಟ್ಟಿಸಿದಾಗ ಅವ್ವ ಎರಡಕ್ಕೂ ‘ಜುಂ ಅಂತು’ ಎಂದಳು. ಹಾಗೆಂದರೆ ಹಲ್ಲಿನ ಒಳಗಿನ ನರ ಜೀವಂತವಾಗಿದೆ. ಬೇರಿನ ತುದಿಯಲ್ಲಿ ಸೋಂಕಿನ ಗಡ್ಡೆ ಬೆಳೆಯುವುದು ಸಾಮಾನ್ಯವಾಗಿ ಒಳಗಿನ ನರ ಸತ್ತ ಮೇಲೆ.

ಆಮೇಲೆ ಅವರು ಯಂತ್ರದ ಮೂತಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆದರು. ಹೊಸ ಚಿತ್ರದಲ್ಲಿ ಕಪ್ಪು ಗುರುತು ಬೇರಿನ ತುದಿಯನ್ನು ಬಿಟ್ಟು ಪಕ್ಕಕ್ಕೆ ಸರಿದಿತ್ತು. ಬೇರಿಗೆ ಅಂಟಿದ ರೋಗವಾಗಿದ್ದರೆ ಅದು ಬೇರಿನ ಜೊತೆಗೇ ಇರಬೇಕಿತ್ತು. ನಿಮಗೆ ರೈಲಿನಲ್ಲಿ ಹೋಗಿ ಗೊತ್ತಿದೆ: ಕಿಟಕಿಯ ಹತ್ತಿರದ ಕಂಬಗಳು ಹಿಂದಕ್ಕೆ ಓಡುತ್ತವೆ, ದೂರದ ಗುಡ್ಡ ನಮ್ಮ ಜೊತೆಗೇ ಬರುವಂತೆ ಕಾಣುತ್ತದೆ. ಎಕ್ಸ್-ರೇಯಲ್ಲೂ ಅದೇ ಲೆಕ್ಕ. ಯಂತ್ರದ ಮೂತಿಯನ್ನು ನಿಮ್ಮ ಕಣ್ಣೆಂದುಕೊಳ್ಳಿ. ಹಲ್ಲಿನ ಬೇರು ತುಟಿಯ ಕಡೆಗಿದೆ, ಅದು ಹತ್ತಿರದ ಕಂಬ. ನರದ ದಾರಿ ಅಂಗುಳದ ಕಡೆಗಿದೆ, ಅದು ದೂರದ ಗುಡ್ಡ. ಮೂತಿ ಯಾವ ಕಡೆ ಸರಿಯಿತೋ, ಬೇರಿಗೆ ಹೋಲಿಸಿದರೆ ಆ ಗುರುತು ಅದೇ ಕಡೆ ಸರಿಯುತ್ತದೆ. ಒಂದೇ ಚಿತ್ರದಲ್ಲಿ ಒಂದರ ಮೇಲೊಂದು ಬಿದ್ದ ಎರಡು ನೆರಳುಗಳು ಎರಡನೆಯ ಚಿತ್ರದಲ್ಲಿ ಬೇರೆಬೇರೆಯಾದವು.

ಮೂರನೆಯದಾಗಿ ಅವರು ಪರದೆಯನ್ನು ದೊಡ್ಡದು ಮಾಡಿ ಬೇರಿನ ಅಂಚನ್ನು ತೋರಿಸಿದರು. ಆರೋಗ್ಯವಂತ ಹಲ್ಲಿನ ಬೇರನ್ನು ಕೂದಲೆಳೆಯಂಥ ಕಪ್ಪು ಗೆರೆ ಸುತ್ತುವರಿದಿರುತ್ತದೆ. ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರುಗಳ ಜಾಗ ಅದು. ಅದರ ಹೊರಗೆ ಅಷ್ಟೇ ತೆಳುವಾದ ಬಿಳಿ ಗೆರೆ, ಹಲ್ಲಿನ ಗುಣಿಯ ಗೋಡೆ. ಸೀರೆಯ ಅಂಚಿನಂತೆ ಎರಡೂ ಬೇರಿನ ಸುತ್ತ ಒಂದು ಸುತ್ತು ಬರುತ್ತವೆ. ಬೇರಿನ ತುದಿಯಲ್ಲಿ ಸೋಂಕಿದ್ದರೆ ಮೊದಲು ಕಡಿದುಹೋಗುವುದು ಈ ಗೆರೆಗಳು. ಅವ್ವನ ಎರಡೂ ಹಲ್ಲುಗಳಲ್ಲಿ ಅವು ಎಲ್ಲೂ ಕಡಿದಿರಲಿಲ್ಲ. ಕಪ್ಪು ಗುರುತಿನ ಅಗಲ ಸುಮಾರು 5 ಮಿ.ಮೀ. ಈ ದಾರಿಯ ಗಾತ್ರ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ. ಅಗಲ 1 ಸೆಂ.ಮೀ. ಮೀರಿದರೆ, ಅಥವಾ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದ್ದರೆ ಮಾತ್ರ ಅಲ್ಲಿ ನೀರುಗಡ್ಡೆ ಬೆಳೆದಿದೆಯೇ ಎಂದು ನೋಡಬೇಕು ಎಂದರು. ಅಂಥ ಗಡ್ಡೆ ಆ ಜಾಗದಲ್ಲಿ ಆಗುವುದೂ ಉಂಟು. ಹಾಗಾಗಿ ಒಂದು ವರ್ಷ ಬಿಟ್ಟು ಮತ್ತೊಮ್ಮೆ ಬನ್ನಿ ಎಂದು ಬರೆದುಕೊಟ್ಟರು. ಹಿಂದಿನ ಹಲ್ಲಿಗೆ ಅಲ್ಲೇ ಹೊಸ ಫಿಲ್ಲಿಂಗ್ ಆಯಿತು. ಆ ದಿನ ಸಂಜೆ ಅವ್ವ ಮುಂದಿನ ಹಲ್ಲಿನಿಂದ ಪೇರಲಹಣ್ಣು ಕಚ್ಚಿ ತಿಂದಳು.

ಮೊದಲ ವೈದ್ಯರು ದುಡ್ಡಿಗಾಗಿ ಹಾಗೆ ಹೇಳಿದರೆಂದು ನಾನು ಬರೆಯಲಾರೆ. ಒಂದೇ ಕೋನದಿಂದ ತೆಗೆದ ಚಪ್ಪಟೆ ಚಿತ್ರದಲ್ಲಿ ಅನುಮಾನ ಬರುವುದು ತಪ್ಪಲ್ಲ. ಅನುಮಾನ ಬಂದದ್ದು ಸರಿಯಾಗಿಯೇ ಇತ್ತು. ಆದರೆ ಅನುಮಾನಕ್ಕೂ ತೀರ್ಮಾನಕ್ಕೂ ನಡುವೆ ಮಾಡಬೇಕಾದ ಹತ್ತು ನಿಮಿಷದ ಪರೀಕ್ಷೆ ಆ ಕ್ಲಿನಿಕ್ಕಿನಲ್ಲಿ ಆಗಲಿಲ್ಲ. ಅದು ಆಗದೇ ಹೋಗಿದ್ದರೆ ಎರಡು ಜೀವಂತ ಹಲ್ಲುಗಳ ನರವನ್ನು ತೆಗೆದುಬಿಡುತ್ತಿದ್ದರು. ತೆಗೆದ ನರವನ್ನು ವಾಪಸು ಹಾಕಲು ಬರುವುದಿಲ್ಲ.

*

ಹೀಗಾಗಿ, ಶೀರ್ಷಿಕೆಗಳ ಕೆಲಸ ಬಂದಾಗ ನಾನು ಬೇಡವೆನ್ನಲಿಲ್ಲ. ಮೇಲ್ದವಡೆಯನ್ನು ಮುಂದಿನಿಂದ ಹಿಂದಕ್ಕೆ ಒಂದೊಂದೇ ಚಿತ್ರವಾಗಿ ನೋಡುತ್ತಾ ಹೋದೆ. ಅವ್ವನಿಗೆ ಆದಂಥ ಗೊಂದಲಕ್ಕೆ ಎಡೆಮಾಡಿಕೊಡುವ ಜಾಗಗಳು ಒಂದಲ್ಲ, ಹಲವು ಇವೆ.

ಮೇಲ್ದವಡೆ ಒಂದೇ ಮೂಳೆಯಲ್ಲ. ಎಡಬಲದ ಎರಡು ಮೂಳೆಗಳು ನಡುವೆ ಕೂಡಿಕೊಂಡಿವೆ. ಆ ಹೊಲಿಗೆ ಎಕ್ಸ್-ರೇಯಲ್ಲಿ ನಡುಹಲ್ಲುಗಳ ನಡುವಿನಿಂದ ಮೇಲಕ್ಕೆ ಹೋಗುವ ತೆಳು ಕಪ್ಪು ಗೆರೆಯಾಗಿ ಕಾಣಬಹುದು. ಬಿದ್ದು ಪೆಟ್ಟಾದ ಮಗುವಿನ ಚಿತ್ರದಲ್ಲಿ ಇದನ್ನು ಕಂಡರೆ ಮೂಳೆ ಸೀಳಿದೆ ಎನಿಸುತ್ತದೆ. ಆದರೆ ಈ ಗೆರೆ ನಟ್ಟನಡುವೆ ಇರುತ್ತದೆ, ಎರಡೂ ಬದಿಗೆ ಸಮವಾದ ಬಿಳಿ ಅಂಚಿರುತ್ತದೆ. ಅದರ ಮೇಲ್ತುದಿಯಲ್ಲಿ ಮೂಗಿನ ಬುಡದ ಚಿಕ್ಕ ಮುಳ್ಳು ಬಿಳಿ ತ್ರಿಕೋನವಾಗಿ, ಅದರಾಚೆ ಮೂಗಿನ ಎರಡು ಹೊಳ್ಳೆಗಳು ಕಪ್ಪಾಗಿ, ನಡುವಿನ ಗೋಡೆ ಬಿಳಿ ಪಟ್ಟಿಯಾಗಿ ಕಾಣುತ್ತವೆ. ಕೆಲವೊಮ್ಮೆ ಮೂಗಿನ ತುದಿಯ ಮಾಂಸವೂ ಮಸುಕು ನೆರಳಾಗಿ ಬೇರುಗಳ ಮೇಲೆ ಬಂದು ಕೂರುತ್ತದೆ.

ನಡುಹಲ್ಲಿನ ಪಕ್ಕದ ಹಲ್ಲಿನ ಬೇರಿನ ಬಳಿ ಮೂಳೆಗೆ ಒಂದು ತಗ್ಗಿದೆ. ಅಲ್ಲಿ ಮೂಳೆ ತೆಳುವಾದ್ದರಿಂದ ಚಿತ್ರದಲ್ಲಿ ಇದ್ದಿಲು ಒರೆಸಿದಂಥ ಕಪ್ಪು ಛಾಯೆ ಬೀಳುತ್ತದೆ. ಇದಕ್ಕೆ ಖಚಿತ ಅಂಚಿರುವುದಿಲ್ಲ. ಬೇರಿನ ಸುತ್ತಲಿನ ಬಿಳಿ ಗೆರೆ ಅದರೊಳಗೂ ಕಾಣುತ್ತಿದ್ದರೆ ಅದು ತಗ್ಗು ಅಷ್ಟೇ.

ಕೋರೆಹಲ್ಲಿನ ಮೇಲೆ, ಕವಲೊಡೆದ ಕೋಲನ್ನು ತಲೆಕೆಳಗೆ ಹಿಡಿದಂತೆ, ಎರಡು ಬಿಳಿ ಗೆರೆಗಳು ಕೂಡುತ್ತವೆ. ಒಂದು ಮೂಗಿನ ನೆಲದ್ದು. ಇನ್ನೊಂದು ಅದರ ಹಿಂದಿರುವ ಗಾಳಿಗೂಡಿನ ಮುಂದಿನ ಗೋಡೆಯದು. ಎಕ್ಸ್-ರೇ ಓದಲು ಕಲಿಯುವವರಿಗೆ ಈ ಕವಲು ಊರ ಬಾಗಿಲಿನ ಕಲ್ಲಿದ್ದಂತೆ. ಇಲ್ಲಿಂದ ಮುಂದೆ ಮೂಗು, ಹಿಂದೆ ಸೈನಸ್.

ಮೇಲ್ದವಡೆಯ ಮೂಳೆ ಒಳಗೆ ಪೊಳ್ಳು. ನೆಗಡಿಯಾದಾಗ ಕಣ್ಣಿನ ಕೆಳಗೆ ಭಾರವಾಗುವುದು ಅಲ್ಲೇ. 1489ರಲ್ಲೇ ಲಿಯೊನಾರ್ಡೊ ಡಾ ವಿಂಚಿ ಸೀಳಿದ ತಲೆಬುರುಡೆಯ ಚಿತ್ರದಲ್ಲಿ ಈ ಗೂಡನ್ನು ಬರೆದಿಟ್ಟಿದ್ದ. 1651ರಲ್ಲಿ ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ ಇದನ್ನು ವಿವರವಾಗಿ ಬಣ್ಣಿಸಿದ ಮೇಲೆ ಅವನ ಹೆಸರೇ ಇದಕ್ಕೆ ಅಂಟಿಕೊಂಡಿತು. ಎಕ್ಸ್-ರೇಯಲ್ಲಿ ಇದು ದವಡೆಹಲ್ಲುಗಳ ಮೇಲೆ ದೊಡ್ಡ ಕಪ್ಪು ಕೋಣೆ, ತೆಳುವಾದ ಬಿಳಿ ಗೋಡೆ. ಕೋಣೆಯ ನೆಲ ಬೇರುಗಳ ನಡುವೆ ಜೋಲುಬೀಳುತ್ತದೆ. ಹಾಗಾಗಿ ಬೇರುಗಳು ಕೋಣೆಯೊಳಗೇ ಚಾಚಿಕೊಂಡಂತೆ ಕಾಣುತ್ತವೆ. ಬಹಳಷ್ಟು ಸಲ ಅವು ಕೋಣೆಯ ಹಿಂದೆಯೋ ಮುಂದೆಯೋ ಇದ್ದು, ನೆರಳಿನಲ್ಲಿ ಮಾತ್ರ ಒಂದಾಗಿರುತ್ತವೆ. ಕೋಣೆಯನ್ನು ಅಡ್ಡ ಭಾಗಿಸುವ ಗೋಡೆಗಳೂ ಇರಬಹುದು. ಆಗ ಒಂದು ಖಾನೆ ದುಂಡಗೆ ಕಂಡು ಗಡ್ಡೆಯೆಂಬ ಭ್ರಮೆ ಹುಟ್ಟಿಸುತ್ತದೆ. ಗೋಡೆಯಲ್ಲಿ ರಕ್ತನಾಳ ಹರಿದ ಸಣ್ಣ ಕಾಲುವೆಗಳ ಗುರುತಿದ್ದರೆ ಅದು ಸೈನಸ್ಸೇ ಎನ್ನಲು ಒಂದು ಆಧಾರ ಸಿಗುತ್ತದೆ. ಇನ್ನೊಂದು ಬದಿಯ ಚಿತ್ರದಲ್ಲೂ ಅಂಥದೇ ಇದ್ದರೆ ಇನ್ನೊಂದು ಆಧಾರ.

ಈ ನೆರೆಹೊರೆಯಿಂದ ಆಗುವ ಗೊಂದಲ ಚಿತ್ರದಲ್ಲಿ ಮಾತ್ರವಲ್ಲ, ನೋವಿನಲ್ಲೂ ಇದೆ. ಸೈನಸ್ ಬಾತಾಗ ಮೇಲಿನ ದವಡೆಹಲ್ಲುಗಳು ಸಾಲಾಗಿ ನೋಯುತ್ತವೆ, ಬಗ್ಗಿದರೆ ಹೆಚ್ಚಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಮೇಲಿನ ದವಡೆಹಲ್ಲಿನ ಸೋಂಕು ನೆಲ ದಾಟಿ ಒಂದೇ ಬದಿಯ ಸೈನಸ್ಸನ್ನು ಕೆಡಿಸಲೂಬಹುದು. ಹಲ್ಲು ಕಿತ್ತು ಎಷ್ಟೋ ವರ್ಷ ಖಾಲಿ ಬಿಟ್ಟರೆ ಆ ಜಾಗದಲ್ಲಿ ಸೈನಸ್ಸಿನ ನೆಲ ಇನ್ನೂ ಕೆಳಗಿಳಿಯುತ್ತದೆ. ಇಂಪ್ಲಾಂಟ್ ಹಾಕಿಸಲು ಹೋದವರಿಗೆ ‘ಮೂಳೆ ಸಾಲದು, ಸೈನಸ್ ಎತ್ತಬೇಕು’ ಎನ್ನುವುದು ಇದೇ ಕಾರಣಕ್ಕೆ.

ಮೊದಲ ಎರಡು ದವಡೆಹಲ್ಲುಗಳ ಬೇರಿನ ಮೇಲೆ ಕುದುರೆ ಲಾಳದಂಥ ದಪ್ಪ ಬಿಳಿ ಬಳೆಯೊಂದು ಬೀಳುತ್ತದೆ. ಅದು ಕೆನ್ನೆಯ ಮೂಳೆಯ ಬುಡ. ಬೇರಿನ ತುದಿಯನ್ನು ಪೂರ್ತಿ ಮುಚ್ಚಿಬಿಡುವುದರಿಂದ ಅಲ್ಲಿ ರೋಗವಿದ್ದರೂ ಕಾಣದೇ ಹೋಗಬಹುದು. ಇನ್ನೂ ಹಿಂದೆ, ಕೊನೆಯ ಹಲ್ಲಿನ ಆಚೆ, ಮೇಲ್ದವಡೆ ದುಂಡಗೆ ಮುಗಿಯುತ್ತದೆ. ಅದರ ಹಿಂದೆ ಚಿಕ್ಕ ಕೊಕ್ಕೆಯಂಥ ಮೂಳೆ ಇಣುಕುತ್ತದೆ. ಕೊನೆಯದಾಗಿ, ಅಲ್ಲಿಯದಲ್ಲದ ಒಬ್ಬ ಅತಿಥಿ. ಬಾಯಿ ಅಗಲವಾಗಿ ತೆರೆದಾಗ ಕೆಳದವಡೆಯ ಒಂದು ಚೂಪು ಕೋನ ಮುಂದೆ ಸರಿದು ಮೇಲಿನ ಹಲ್ಲುಗಳ ಚಿತ್ರದೊಳಕ್ಕೆ ಬಂದುಬಿಡುತ್ತದೆ. ಬಿಳಿ ತ್ರಿಕೋನ. ಹಲ್ಲು ಕೀಳಿಸಿಕೊಂಡವರ ಚಿತ್ರದಲ್ಲಿ ಇದನ್ನು ಕಂಡರೆ ಬೇರಿನ ಚೂರು ಒಳಗೇ ಉಳಿದಿದೆ ಎನಿಸುತ್ತದೆ. ಬಾಯಿಯನ್ನು ಸ್ವಲ್ಪ ಮುಚ್ಚಿಸಿ ಮತ್ತೆ ತೆಗೆದರೆ ಅತಿಥಿ ಹೊರಟುಹೋಗಿರುತ್ತಾನೆ.

ಒಂದೇ ಉಚ್ಚಾರಣೆಗೆ ಎರಡು ಅರ್ಥವಿರುವ ಪದಗಳನ್ನು ನಾವು ದಿನವೂ ಗೊಂದಲವಿಲ್ಲದೆ ಬಳಸುತ್ತೇವೆ. ‘ಅರಸು’ ಎಂಬುದು ರಾಜನೋ ಹುಡುಕಾಟವೋ ಎಂದು ಅಕ್ಕಪಕ್ಕದ ಪದಗಳು ಹೇಳುತ್ತವೆ. ಎಕ್ಸ್-ರೇಯ ನೆರಳುಗಳೂ ಹಾಗೆಯೇ. ಮೊಟ್ಟೆಯಾಕಾರದ ಒಂದು ಕಪ್ಪಿಗೆ ತನ್ನದೇ ಆದ ಅರ್ಥವಿಲ್ಲ. ಬೇರಿನ ಗೆರೆ, ಎರಡನೆಯ ಕೋನ, ತಣ್ಣಗಿನ ಹತ್ತಿಗೆ ಹಲ್ಲು ಕೊಟ್ಟ ಉತ್ತರ, ಇನ್ನೊಂದು ಬದಿ, ಇವು ಅದರ ವಾಕ್ಯ. ಮಾತು ಕಲಿಯುವ ಮಗು ಮೊದಲು ಸರಿಯಾದ ವಾಕ್ಯಗಳನ್ನೇ ಸಾವಿರ ಸಲ ಕೇಳಿಸಿಕೊಳ್ಳುತ್ತದೆ, ತಪ್ಪು ವಾಕ್ಯ ಕಿವಿಗೆ ಬಿದ್ದಾಗ ಅದರಿಂದಲೇ ಎಡವಟ್ಟು ತಿಳಿಯುತ್ತದೆ. ತರಬೇತಿಯ ಪಠ್ಯ ಸಹಜವಾದ ಬಾಯಿಗಳಿಂದ ಶುರುವಾಗುವುದಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ.

*

ಹೊರರಾಜ್ಯದಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಪಾಲಿದೆ. ನಮ್ಮ ತಂದೆತಾಯಿ ಊರಿನಿಂದ ಬಂದಾಗ ಆಸ್ಪತ್ರೆಯಲ್ಲಿ ದುಭಾಷಿಗಳಾಗುವುದು ನಾವೇ. ಚೆನ್ನೈಯಲ್ಲಿ ‘ಪಲ್’, ಹೈದರಾಬಾದಿನಲ್ಲಿ ‘ಪಲ್ಲು’ ಎಂದರೆ ಹಳಗನ್ನಡದ ‘ಪಲ್’ ನೆನಪಾಗಿ ಅವರಿಗೆ ದಾರಿ ಸಿಕ್ಕೀತು. ವೇರು, ಬೇರು ಕೂಡ ಒಂದೇ ಬಳ್ಳಿಯವು. ಪುಣೆಯ ‘ದಾತ್’, ದೆಹಲಿಯ ‘ದಾಂತ್’ ಕೂಡ ದಂತ್ಯದಿಂದ ಗುರುತಾದಾವು. ಆದರೆ ‘ದಾಗ್’, ‘ಸಿಸ್ಟ್’, ‘ಇನ್ಫೆಕ್ಷನ್’ ಎಂಬ ಮಾತುಗಳು ಯಾವ ಭಾಷೆಯಲ್ಲಿ ಬಂದರೂ ಭಯವನ್ನೇ ಹೊತ್ತು ತರುತ್ತವೆ. ಅವು ತೀರ್ಮಾನವೋ ಅನುಮಾನವೋ ಎಂದು ಕೇಳಿ ತಿಳಿಯುವ ಜವಾಬ್ದಾರಿ ನಡುವೆ ಕೂತವರದ್ದು.

ಕೇಳಲು ಎಕ್ಸ್-ರೇ ಓದುವ ವಿದ್ಯೆ ಬೇಡ. ಯಾವ ಹಲ್ಲು? ಅದು ಜೀವಂತವಾಗಿದೆಯೇ, ಪರೀಕ್ಷೆ ಮಾಡಿದ್ದೀರಾ? ಬೇರಿನ ಸುತ್ತಲ ಬಿಳಿ ಗೆರೆ ಕಡಿದಿದೆಯೇ? ಇನ್ನೊಂದು ಕೋನದಿಂದ ತೆಗೆದರೂ ಹೀಗೇ ಕಾಣುತ್ತದೆಯೇ? ಇಷ್ಟು ಸಾಕು. ಒಳ್ಳೆಯ ವೈದ್ಯರು ಇದರಿಂದ ಬೇಸರಪಡುವುದಿಲ್ಲ. ಹೆಚ್ಚಿನವರು ಪರದೆಯನ್ನು ನಿಮ್ಮ ಕಡೆ ತಿರುಗಿಸಿ ತೋರಿಸುತ್ತಾರೆ. ಕಪ್ಪು ಕಂಡದ್ದೆಲ್ಲ ರೋಗವಲ್ಲ ಎಂಬುದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಕಪ್ಪು ಕಾಣದಿದ್ದರೆ ರೋಗವಿಲ್ಲ ಎಂದೂ ಅಲ್ಲ. ಮೂಳೆಯ ಖನಿಜ 30ರಿಂದ 50 ಪ್ರತಿಶತದಷ್ಟು ಕರಗುವವರೆಗೆ ಇಂಥ ಚಿತ್ರದಲ್ಲಿ ಬದಲಾವಣೆ ಗೊತ್ತಾಗುವುದು ಕಷ್ಟ ಎನ್ನುತ್ತಾರೆ. ಊತ, ಕೀವು, ರಾತ್ರಿ ಎಬ್ಬಿಸುವ ನೋವು, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಚಿತ್ರ ಚೆನ್ನಾಗಿದೆಯೆಂದು ಸುಮ್ಮನಿರಬಾರದು.

ಇನ್ನೊಂದು ಕೆಲಸ ಮಾತ್ರ ಎಲ್ಲರೂ ಮಾಡಬಹುದು. ಚಿತ್ರದ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಈಗ ಬಹುತೇಕ ಕಡೆ ಅದು ಕಂಪ್ಯೂಟರಿನಲ್ಲೇ ಇರುತ್ತದೆ, ಮೊಬೈಲಿಗೆ ಕಳಿಸುತ್ತಾರೆ. ಪುಸ್ತಕದ ಸಹಜ ಸರಾಸರಿಯದು. ನಿಮ್ಮ ಬಾಯಿಯ ಸಹಜ ಏನೆಂದು ಹೇಳಬಲ್ಲದ್ದು ನಿಮ್ಮದೇ ಹಳೆಯ ಚಿತ್ರ. ಒಂದು ವರ್ಷದ ನಂತರ ಅವ್ವನನ್ನು ಮತ್ತೆ ಕರೆದುಕೊಂಡು ಹೋದಾಗ ಆ ವೈದ್ಯೆ ಹೊಸದನ್ನು ಹಳೆಯದರ ಪಕ್ಕಕ್ಕಿಟ್ಟು, ಅಳತೆ ಹಿಡಿದು, ಅಷ್ಟೇ ಇದೆ ಎಂದರು. ಮಾತು ಎರಡು ನಿಮಿಷಕ್ಕೆ ಮುಗಿಯಿತು.

ಎರಡೂ ಚಿತ್ರಗಳ ಪ್ರಿಂಟು ಈಗ ಗದಗಿನ ಮನೆಯಲ್ಲಿ, ಬ್ಯಾಂಕಿನ ಪಾಸ್‌ಬುಕ್ ಇಡುವ ಪ್ಲಾಸ್ಟಿಕ್ ಚೀಲದಲ್ಲಿವೆ. ಹಿಂಬದಿಗೆ ದಿನಾಂಕ ಬರೆದು, ‘ಮುಂದಿನ ಎರಡು ಹಲ್ಲಿನ ನಡುವೆ ನರದ ದಾರಿ, 5 ಮಿ.ಮೀ., ನಾರ್ಮಲ್’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ. ಯಾವ ಊರಿನ ಯಾವ ಡಾಕ್ಟರ ಹತ್ತಿರ ಹೋದರೂ ಬಾಯಿ ತೆರೆಯುವ ಮೊದಲು ಆ ಚೀಲ ತೆರೆಯಬೇಕೆಂದು ಅವ್ವನಿಗೆ ಗೊತ್ತು.